ಒಂದಾಳಿನ ಒಲೆ

ನಮ್ಮ ಜನಗಣತಿ ಕುಟುಂಬವನ್ನು ಎಣಿಸುವುದು ಅಡುಗೆಮನೆಯ ಲೆಕ್ಕದಲ್ಲಿ: ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಒಂದು ಕುಟುಂಬ. ಆ ಲೆಕ್ಕ ಹಿಡಿದು ನಮ್ಮ ಕಡೆಯ ಬಸರಾಳಿನ ಸುತ್ತಿನ ಊರುಗಳನ್ನು ನೋಡಿದರೆ, ಅವ್ವ ಹಳ್ಳಿಯ ಮನೆಯಲ್ಲಿ ತನಗೊಬ್ಬಳಿಗೆ ಹಿಟ್ಟು ತೊಳಸುವ ಹೊತ್ತಿಗೆ ಮಗ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ತನಗೊಬ್ಬನಿಗೆ ಅನ್ನಕ್ಕಿಡುತ್ತಿರುತ್ತಾನೆ. ಒಂದು ಕುಟುಂಬ ಎರಡಾಗಿದೆ, ಎರಡರಲ್ಲೂ ಒಬ್ಬೊಬ್ಬರೇ. ಮಕ್ಕಳಿಗೆ ಕರುಳಿಲ್ಲವೆಂದು ತೀರ್ಪು ಕೊಡುವುದು ಸುಲಭ. ಆದರೆ ಅಣ್ಣತಮ್ಮಂದಿರಲ್ಲಿ ಪಾಲಾಗುತ್ತ ಗುಂಟೆಗಿಳಿದ ಕಬ್ಬಿನ ಗದ್ದೆ ಎಷ್ಟು ಜನರನ್ನು ಸಾಕೀತು?

ತುಂಬಿದ ಮನೆಯೆಲ್ಲ ತಂಪಾಗಿತ್ತೆಂದೂ ನಾನು ಹೇಳಲಾರೆ. ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡು, ತನ್ನದೆನ್ನುವ ಒಂದು ಮೂಲೆಯೂ ಇಲ್ಲದೆ ಬಾಳು ಸವೆಸಿದ ಸೊಸೆಯಂದಿರು ಹತ್ತು ಜನರ ನಡುವೆಯೇ ಒಂಟಿಯಾಗಿದ್ದರು. ಅವರ ಮೊಮ್ಮಗಳು ಇಂದು ತನ್ನ ದುಡಿಮೆಯ ಮನೆಗೆ ತಾನೇ ಬೀಗ ತೆಗೆದು ಒಳಹೋಗುವಾಗ, ಆ ಬಿಡುಗಡೆಯನ್ನು ಕೊರತೆಯೆಂದು ಕರೆಯಲು ನಮಗೇನು ಹಕ್ಕು?

ಬಸರಾಳಿನಲ್ಲಿ ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವಿದೆ. ಗರ್ಭಗುಡಿಗಳು ಮೂರು, ನವರಂಗ ಒಂದೇ. ಒಂದೊಂದು ಗುಡಿಗೂ ಅದರದೇ ಹೊಸ್ತಿಲು, ಅದರದೇ ಕತ್ತಲು. ಹೊಸ್ತಿಲು ದಾಟಿದರೆ ಮಾತ್ರ ಎಲ್ಲಕ್ಕೂ ಸೇರಿದ ಅಂಗಳ. ಒಬ್ಬರೇ ಇರುವುದರಲ್ಲಿ ತಪ್ಪೇನೂ ಇಲ್ಲ, ಆ ನವರಂಗ ಇರುವ ತನಕ ಎಂದು ನನಗನ್ನಿಸುತ್ತದೆ. ಮನೆಗಳಿಗೆ ಆ ನವರಂಗವಾಗಿದ್ದದ್ದು ಜಗಲಿ. ಹೊಸ ಮನೆಗಳಲ್ಲಿ ಜಗಲಿ ಹೋಗಿ ಗೇಟು ಬಂದಿದೆ.

ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಮಂತ್ರಿಯೊಬ್ಬರಿಗೆ ವಹಿಸಿದವು. ನಮ್ಮ ಕಡೆ ಆ ಕೆಲಸವನ್ನು, ತನಗೇ ತಿಳಿಯದಂತೆ, ಹಾಲಿನ ಡೇರಿ ಮಾಡುತ್ತಿದೆ. ಒಂದೇ ಒಂದು ಹಸು ಕಟ್ಟಿಕೊಂಡ ಒಂಟಿ ಹೆಂಗಸು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ. ಹಾಲಿನ ಫ್ಯಾಟು ನೋಡುವಷ್ಟರಲ್ಲಿ ಊರಿನ ಮದುವೆ, ಸಾವು, ಜಗಳಗಳೆಲ್ಲ ಅವಳ ಕಿವಿಗೆ ಬೀಳುತ್ತವೆ. ಒಂದು ಹೊತ್ತು ತಪ್ಪಿಸಿದರೆ, “ಯಾಕವ್ವ, ಬೆಳಗ್ಗೆ ಬರ್ನೇ ಇಲ್ವಲ್ಲ?” ಎಂದು ಕೇಳುವವರಿದ್ದಾರೆ. ನಾವು ಬಾರದಿದ್ದುದು ಒಬ್ಬರ ಗಮನಕ್ಕಾದರೂ ಬರುವುದು ಎಷ್ಟು ದೊಡ್ಡ ಆಸರೆ! ಬೇಕಾದದ್ದೆಲ್ಲ ಬಾಗಿಲಿಗೇ ಬಂದು ಬೀಳುವ ನಗರದ ಮನೆಯಲ್ಲಿ ಎಷ್ಟು ಜನಕ್ಕೆ ಅದಿದೆ?

ವಯಸ್ಸಾಗುತ್ತದೆ, ಮಂಡಿ ಹಿಡಿಯುತ್ತದೆ. “ಹಸ ಮಾರ್ಬುಡವ್ವ, ತಿಂಗ್ಳು ತಿಂಗ್ಳು ನಾನೇ ದುಡ್ಡು ಕಳಿಸ್ತೀನಿ” ಎಂದು ಮಗ ಫೋನಿನಲ್ಲಿ ಹೇಳುತ್ತಾನೆ. ಪ್ರೀತಿಯಿಂದಲೇ ಹೇಳುತ್ತಾನೆ, ಅವನು ಹೇಳುವುದರಲ್ಲಿ ಸುಳ್ಳೂ ಇಲ್ಲ. ಪಿಂಚಣಿ ಬ್ಯಾಂಕಿಗೆ ಬರುತ್ತದೆ, ರೇಷನ್ ತಿಂಗಳಿಗೊಮ್ಮೆ ಸಿಗುತ್ತದೆ, ಹೊಟ್ಟೆಗೆ ಕೊರತೆಯಾಗದು. ಆದರೆ ಹಸು ಹೋದ ಮೇಲೆ ಅವಳು ಬೆಳಗಾದರೆ ಯಾವ ನೆಪದಲ್ಲಿ ಬಾಗಿಲು ದಾಟಬೇಕು, ಅವಳು ದಾಟದ ದಿನ ಯಾರು ಕೇಳಬೇಕು ಎಂಬುದನ್ನು ಆ ಮಾತಾಡುವ ಮೊದಲು ಅವನು ಯೋಚಿಸಿರುತ್ತಾನೆಯೇ?