ಹಳೇ ದೋಣಿಯ ತೇಗ

ಪೋತ್ತನೂರಿಗೂ ಸಮುದ್ರಕ್ಕೂ ಏನು ನಂಟು ಅಂತ ಕೇಳಬಹುದು. ನಂಟು ತೇಗದ್ದು. ನಮ್ಮ ತೆಂಕಲಿನ ಆನೆಮಲೆಯಲ್ಲಿ ಕಡಿದ ತೇಗವನ್ನು 19ನೇ ಶತಮಾನದಲ್ಲಿ ಬೆಟ್ಟದ ಮೇಲಿಂದ ಜಾರಿಸಿ ಇಳಿಸುತ್ತಿದ್ದರು. ಟಾಪ್‌ಸ್ಲಿಪ್ ಅನ್ನೋ ಹೆಸರು ಬಂದದ್ದೇ ಹಾಗೆ. ಆ ಮರ ಬೊಂಬಾಯಿಯ ಹಡಗುಕಟ್ಟೆಗೂ ಹೋಯಿತು. ಅದೇ ಬೊಂಬಾಯಿಯಲ್ಲಿ ಮಲಬಾರಿನ ತೇಗದಿಂದ 1817ರಲ್ಲಿ ಕಟ್ಟಿದ ‘ಟ್ರಿಂಕೋಮಲೀ’ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇವತ್ತಿಗೂ ನೀರಿನ ಮೇಲಿದೆ. ತೇಗ ಅಂದರೆ ಜನ ಕಣ್ಣುಮುಚ್ಚಿ ನಂಬೋದು ಸುಮ್ಮನೆ ಅಲ್ಲ.

ಆ ನಂಬಿಕೆಯೇ ಮೋಸಕ್ಕೂ ದಾರಿ. ಈಗಿನ ಹಾಯಿದೋಣಿಗಳು ಬಹುಪಾಲು ಫೈಬರಿನವು. ತೇಗ ಇರೋದು ಮೇಲೆ, ಕಾಲಿಡುವ ಕಡೆ, ಅರ್ಧ ಇಂಚಿನಷ್ಟು ಹಲಗೆಯಾಗಿ ಮಾತ್ರ. ಹಳೆಯ ದೋಣಿಗಳಲ್ಲಿ ಅದನ್ನು ನೂರಾರು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ವರ್ಷಗಟ್ಟಲೆ ಉಜ್ಜಿ ತೊಳೆದು ಹಲಗೆ ಸವೆಯುತ್ತೆ, ಸ್ಕ್ರೂ ತಲೆ ಎತ್ತುತ್ತೆ, ಆ ತೂತಿನಲ್ಲಿ ನೀರು ಇಳಿಯುತ್ತೆ. ಕೊಳೆಯೋದು ತೇಗವಲ್ಲ, ಅದರ ಕೆಳಗೆ ಫೈಬರಿನ ಎರಡು ಪದರದ ನಡುವೆ ಇಟ್ಟ ಹಗುರ ಮರ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಜಾಗ ಟಣ್ ಅನ್ನುತ್ತೆ, ಕೊಳೆತದ್ದು ಬೊದ್ ಅನ್ನುತ್ತೆ. ತೆಂಗಿನಕಾಯಿ ತಟ್ಟಿ ಕೊಳ್ಳುವ ನಮಗೆ ಇದು ಹೊಸದೇನಲ್ಲ. ರಿಪೇರಿ ಮಾಡಲು ಹೋದರೆ ಖರ್ಚು ದೋಣಿಯ ಬೆಲೆಯನ್ನೇ ಮುಟ್ಟಬಹುದು.

ಮಾರುವವನಿಗೆ ಇದು ಗೊತ್ತು. ಕೊಳ್ಳುವವನು ಕೇಳಲಿಲ್ಲ. ಹೇಳಬೇಕೆ?

ಪ್ರಶ್ನೆ ಹಳೆಯದು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೊ, ಮರಮುಟ್ಟು ಕೆಟ್ಟ ಮನೆಯೊಂದನ್ನು ಮಾರುವವನ ಉದಾಹರಣೆ ಕೊಟ್ಟು ಇಬ್ಬರು ಗ್ರೀಕರ ವಾದ ಬರೆದಿಟ್ಟ. ಹೇಳದೆ ಇರೋದು ಬೇರೆ, ಮುಚ್ಚಿಡೋದು ಬೇರೆ ಅಂತ ಡಯೋಜಿನೀಸ್. ಗೊತ್ತಿದ್ದೂ ಸುಮ್ಮನಿರೋದು ದಾರಿ ತಪ್ಪಿದವನಿಗೆ ದಾರಿ ತೋರಿಸದ ಹಾಗೆ ಅಂತ ಆಂಟಿಪೇಟರ್. ಸಿಸೆರೊ ಎರಡನೆಯವನ ಕಡೆ ನಿಂತ.

ನಮ್ಮ 1872ರ ಕರಾರು ಕಾಯಿದೆ ಹೆಚ್ಚುಕಡಿಮೆ ಮೊದಲನೆಯವನ ಕಡೆ. 17ನೇ ಕಲಮಿನಲ್ಲಿ ಕುದುರೆಯ ಉದಾಹರಣೆ ಇದೆ. ಐಬು ಇರುವ ಕುದುರೆಯನ್ನು ಹರಾಜಿನಲ್ಲಿ ಮಾರಿ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಈಗತಾನೆ ಪ್ರಾಯಕ್ಕೆ ಬಂದ ಸ್ವಂತ ಮಗಳಾದರೆ ಹೇಳಲೇಬೇಕು! ಈ ಒಂದು ಮಾತಿನಲ್ಲಿ ಕಾನೂನು ತನ್ನ ಗುಟ್ಟು ಬಿಟ್ಟುಕೊಟ್ಟಿದೆ ಅಂತ ನನಗನ್ನಿಸುತ್ತೆ. ಮಗಳಿಗೆ ಯಾವುದು ಧರ್ಮ ಅನ್ನೋದು ಅದಕ್ಕೆ ಗೊತ್ತು. ಪರರಿಗೆ ಅಷ್ಟು ಬೇಡ ಅಂತ ಬಿಟ್ಟಿದೆ, ಅಷ್ಟೆ.

ಅದೇ ಕಲಮಿನ ಇನ್ನೊಂದು ಉದಾಹರಣೆ ಕೊಳ್ಳುವವರಿಗೆ ಉಪಯೋಗ. ‘ನೀವು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಿದುಕೊಳ್ತೀನಿ’ ಅಂತ ಹೇಳಿಬಿಟ್ಟರೆ, ಆಮೇಲೆ ಮಾರುವವನ ಮೌನವೂ ಮಾತೇ. ಆದರೆ ಏನು ಕೇಳಬೇಕು ಅಂತಲೇ ಗೊತ್ತಿಲ್ಲದವನು ಏನು ಮಾಡಬೇಕು? ಸಂತೆಯಲ್ಲಿ ಎತ್ತಿನ ಹಲ್ಲು ನೋಡಲು ತಿಳಿದವರನ್ನು ಜೊತೆಗೆ ಕರೆದುಕೊಂಡು ಹೋಗ್ತೀವಿ. ಎಲ್ಲ ಕೊಳ್ಳುವಿಕೆಗೂ ಅಂಥವರು ಸಿಗೋದಿಲ್ಲ.

ಇನ್ನು, ಹಳೇ ತೇಗ ತಾನಾಗಿ ಬೂದು ಬಣ್ಣಕ್ಕೆ ತಿರುಗುತ್ತೆ. ಅದನ್ನು ಹಾಗೇ ಬಿಟ್ಟು ಸುಮ್ಮನಿರೋನು ಒಬ್ಬ. ಮಾರುವ ಮುಂಚೆ ಮರಳುಕಾಗದ ಹಾಕಿ ಉಜ್ಜಿ, ಹೊಂಬಣ್ಣ ಬರಿಸಿ, ಆಮೇಲೆ ಸುಮ್ಮನಿರೋನು ಇನ್ನೊಬ್ಬ. ಇವನನ್ನು ಸುಮ್ಮನಿದ್ದಾನೆ ಅನ್ನೋದು ಹೇಗೆ? ಅವನ ಪರವಾಗಿ ಹಲಗೆ ಮಾತಾಡ್ತಾ ಇದೆ. ಉಜ್ಜಿದಷ್ಟೂ ಅದು ಇನ್ನೂ ತೆಳುವಾಗಿರುತ್ತೆ, ಅದು ಬೇರೆ.

ಹೇಳಿದರೆ ಬೆಲೆ ಇಳಿಯುತ್ತೆ, ನಿಜ. ಆದರೆ ಆ ರಿಪೇರಿ ಖರ್ಚು ಹೇಳಿದ್ದರಿಂದ ಹುಟ್ಟಿದ್ದಲ್ಲ, ಮೊದಲೇ ದೋಣಿಯೊಳಗೆ ಇತ್ತು. ಅದನ್ನು ಯಾರ ಜೇಬಿನಿಂದ ತೆಗೆಯೋದು ಅನ್ನೋದಷ್ಟೇ ಉಳಿದ ವ್ಯವಹಾರ.