ಹದಿನಾರಕ್ಕೆ ಒಂದೇ ಗುಣ

ವೆರೋನಿಕಾ ರಾತ್ ಎಂಬಾಕೆ 'ಡೈವರ್ಜೆಂಟ್' ಬರೆದದ್ದು ಕಾಲೇಜಲ್ಲಿ ಓದುತ್ತಿದ್ದಾಗ. 2011ರಲ್ಲಿ ಪುಸ್ತಕ ಬಂತು, ಮುಂದಿನ ಎರಡು ವರ್ಷಗಳಲ್ಲಿ ಇನ್ನೆರಡು ಭಾಗ. ಹದಿಹರೆಯದವರಿಗೆಂದು ಬರೆದದ್ದಾದರೂ ನಾನು ಮೂರನ್ನೂ ಓದಿದೆ. ಮೊದಲನೆಯದರ ಹುಮ್ಮಸ್ಸು ಮೂರನೆಯದಕ್ಕೆ ಬರುವಾಗ ಉಳಿಯಲಿಲ್ಲ ಮಾರಾಯ್ರೆ.

ಕಲ್ಪನೆ ಮಾತ್ರ ಭಾರೀ ಚಂದ ಉಂಟು. ಹಾಳುಬಿದ್ದ ಶಿಕಾಗೊ ನಗರ. ಅಲ್ಲಿಯ ಜನ ಐದು ಬಣ. ಒಂದಕ್ಕೆ ನಿಸ್ವಾರ್ಥವೇ ದೊಡ್ಡದು, ಒಂದಕ್ಕೆ ಧೈರ್ಯ, ಒಂದಕ್ಕೆ ಜ್ಞಾನ, ಒಂದಕ್ಕೆ ಸತ್ಯ, ಮತ್ತೊಂದಕ್ಕೆ ಶಾಂತಿ. ಹದಿನಾರು ತುಂಬಿದಾಗ ಪ್ರತಿಯೊಬ್ಬರೂ ಒಂದನ್ನು ಆರಿಸಬೇಕು. ಅಪ್ಪ ಅಮ್ಮನ ಬಣ ಬಿಟ್ಟರೆ ಮನೆಯನ್ನೇ ಬಿಟ್ಟ ಹಾಗೆ. ಹೊಸ ಬಣದ ಪರೀಕ್ಷೆಯಲ್ಲಿ ಬಿದ್ದರೆ ಯಾವ ಬಣವೂ ಇಲ್ಲ, ಕಸ ಎತ್ತಿಕೊಂಡೋ ಬಸ್ಸು ಓಡಿಸಿಕೊಂಡೋ ಬದುಕಬೇಕು. ಟ್ರಿಸ್ ಎಂಬ ಹುಡುಗಿಗೆ ಮಾತ್ರ ಒಂದಲ್ಲ, ಮೂರು ಗುಣ ಒಟ್ಟಿಗೇ ಕಾಣಿಸುತ್ತವೆ. ಅಂಥವರು ಅಲ್ಲಿ ಅಪಾಯಕಾರಿಗಳು.

ನಮ್ಮ ಸವಣೂರಿನ (ಹಾವೇರಿಯ ನವಾಬರದ್ದಲ್ಲ, ಕಡಬ ತಾಲೂಕಿನದ್ದು) ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ವಾರ ಇಲ್ಲೂ ಬಣ ಹಂಚುವುದೇ ಕೆಲಸ. ವಿಜ್ಞಾನ, ವಾಣಿಜ್ಯ, ಕಲೆ. 'ಮಗ ಎಂತ ತಗೊಂಡ?' ಎಂದು ಅಂಗಡಿಯಲ್ಲಿ ಕೇಳುತ್ತಾರೆ. ಕಲೆ ಎಂದರೆ ಒಂದು ಕ್ಷಣ ಮೌನ. ಯಕ್ಷಗಾನದ ಚೆಂಡೆಯೂ ಬರುವ, ಲೆಕ್ಕವೂ ಬರುವ, ತೋಟದಲ್ಲಿ ಅಡಿಕೆಯ ಕೊಳೆರೋಗವನ್ನು ದೂರದಿಂದಲೇ ಗುರುತಿಸುವ ಹುಡುಗ ಅರ್ಜಿಯಲ್ಲಿ ಒಂದೇ ಚೌಕಕ್ಕೆ ಗುರುತು ಹಾಕುತ್ತಾನೆ. ಮನುಷ್ಯನನ್ನು ಒಂದೇ ಗುಣದಿಂದ ಅಳೆಯುವುದು ನ್ಯಾಯವೇ? ರಾತ್ ಎತ್ತಿದ ಪ್ರಶ್ನೆ ಇದೇ.

ಆದರೆ ಮೂರನೇ ಪುಸ್ತಕದಲ್ಲಿ ಎಲ್ಲ ಅಡಿಮೇಲು. ಆ ನಗರವೇ ಒಂದು ಪ್ರಯೋಗವಂತೆ. ಹಿಂದೆ ಸರಕಾರ ಜನರ ವಂಶವಾಹಿಯನ್ನು ತಿದ್ದಲು ಹೋಗಿ ಕೆಡಿಸಿತ್ತಂತೆ. ಟ್ರಿಸ್ ಥರದವರು 'ಶುದ್ಧ', ಉಳಿದವರು 'ಕೆಟ್ಟವರು'. ಅಲ್ಲಿಯವರೆಗೆ ಒಬ್ಬ ಹುಡುಗಿಯ ಆಯ್ಕೆ ಎಂದು ನಾವು ಉಸಿರು ಬಿಗಿಹಿಡಿದು ಓದಿದ್ದು ಅವಳ ರಕ್ತದ ಕತೆಯಾಗುತ್ತದೆ. ಈ ಶುದ್ಧ-ಅಶುದ್ಧವೇ ಸುಳ್ಳು ಎಂದು ಪಾತ್ರಗಳು ವಾದಿಸುತ್ತವೆ, ನಿಜ. ಲೇಖಕಿಯ ಮನಸ್ಸು ಆ ಕಡೆಯೇ ಇದೆ ಎಂದು ನನಗೂ ಅನಿಸುತ್ತದೆ. ಆದರೆ ಕತೆಯ ಗಂಟು ಬಿಚ್ಚುವುದು ಅದೇ ವಂಶವಾಹಿಯ ಕೀಲಿಯಿಂದ. ಕೊನೆಗೆ ಗುಣ ಎಂದರೆ ಆರಿಸಿಕೊಂಡದ್ದೋ, ಹುಟ್ಟಿನಿಂದ ಬಂದದ್ದೋ, ಸರಕಾರ ಕಲಿಸಿದ್ದೋ ಎಂಬುದು ಗೊತ್ತಾಗುವುದಿಲ್ಲ. ಜಾತಿ ನೋಡಿ ಲೋಟ ಬೇರೆ ಇಟ್ಟ ನಾಡಿನ ಓದುಗನಿಗೆ 'ಶುದ್ಧ' ಎಂಬ ಪದ ಅಷ್ಟು ಹಗುರವಾಗಿ ಇಳಿಯುವುದೂ ಇಲ್ಲ.

ಎಂಥ ಅದ್ಭುತವನ್ನು ಬೇಕಾದರೂ ನಂಬಲು ನಾನು ತಯಾರು. ಪುತ್ತೂರಿನ ಬಾಲವನದಲ್ಲಿ ದಶಕಗಟ್ಟಲೆ ಇದ್ದ ಕಾರಂತರ 'ಮೂಕಜ್ಜಿಯ ಕನಸುಗಳು' 1968ರದ್ದು. ಅಜ್ಜಿ ಒಂದು ವಸ್ತುವನ್ನು ಮುಟ್ಟಿದರೆ ಅದರ ಹಿಂದಿನದ್ದೆಲ್ಲ ಅವಳಿಗೆ ಕಾಣುತ್ತದೆ. ಆ ಶಕ್ತಿ ಎಲ್ಲಿಂದ ಬಂತು ಎಂದು ಹುಡುಕುವುದು ಕತೆಯ ಕೆಲಸವೇ ಅಲ್ಲ. ದೇವರ ಬಗ್ಗೆ, ಗಂಡುಹೆಣ್ಣಿನ ಬಗ್ಗೆ ಅಜ್ಜಿ ಏನು ಹೇಳುತ್ತಾಳೆ ಎಂಬಲ್ಲೇ ನಮ್ಮ ಗಮನ ಇರುತ್ತದೆ. ರಾತ್ ಅವರಿಗೆ ವಿವರಣೆ ಕೊಡುವ ಅವಸರ.

ಚಿಕ್ಕ ವಯಸ್ಸಿನವರ ಬರವಣಿಗೆ, ಕಲ್ಪನೆಯಾದರೂ ಒಳ್ಳೆಯದಿತ್ತಲ್ಲ ಎಂದು ಅರ್ಧ ಅಂಕ ಕೊಟ್ಟು ಬಿಡಬಹುದು. ನನಗೆ ಒಪ್ಪಿಗೆ ಇಲ್ಲ. ಕಲ್ಪನೆ ಸಾಮಾನ್ಯದ್ದಾಗಿದ್ದರೆ ಬಿಡಬಹುದಿತ್ತು. ಹದಿನಾರರ ಮಕ್ಕಳು ನಿಜಕ್ಕೂ ನಿಂತಿರುವ ಜಾಗಕ್ಕೇ ಹೋಗಿ ಪ್ರಶ್ನೆ ಕೇಳಿದ ಮೇಲೆ, ಉತ್ತರ ಕೊಡದಿದ್ದರೂ ಪ್ರಶ್ನೆಯನ್ನು ಬದಲಿಸಬಾರದು. ಅಷ್ಟಕ್ಕೂ ಮೊದಲ ಪುಸ್ತಕದಲ್ಲೇ ಕೇಳಬಹುದಾಗಿದ್ದ ಇನ್ನೊಂದು ಪ್ರಶ್ನೆಯೂ ಇತ್ತು. ಯಾವ ಬಣಕ್ಕೂ ಸೇರದೆ ಬಸ್ಸು ಓಡಿಸುತ್ತಿದ್ದಾನಲ್ಲ, ಅವನಲ್ಲಿ ಯಾವ ಗುಣ ಕಡಿಮೆ ಇತ್ತು?