ಲೆಕ್ಕ ಯಾರಿಗೆ ಒಪ್ಪಿಸಬೇಕು?

2021ರ ಆಗಸ್ಟ್ 15ರಂದು ಕಾಬೂಲು ತಾಲಿಬಾನಿನ ಕೈಸೇರಿತು. ಅಮೆರಿಕದ ಸೈನ್ಯ 20 ವರ್ಷ ಬೆನ್ನಿಗೆ ನಿಂತು ಕಟ್ಟಿದ ಸರಕಾರ ಅಂದೇ ಇಲ್ಲವಾಯಿತು. ಟೀವಿ ನೋಡುತ್ತಿದ್ದ ಅಕ್ಕನ ಮಗ ಕೇಳಿದ: "ಮಾವಾ, ಅಷ್ಟು ಹಣ ಸುರಿದರೂ ಯಾಕೆ ನಿಲ್ಲಲಿಲ್ಲ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿದಾಗ ನಮ್ಮ ಸೀಮೆಯ ಚರಿತ್ರೆಯೇ ನೆನಪಾಯಿತು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಸೇಲಂ, ಬಾರಾಮಹಲು ಸೀಮೆಗಳು ಟಿಪ್ಪುವಿನ ಕೈತಪ್ಪಿ ಕಂಪನಿಗೆ ಸೇರಿದವು. ಅಲೆಗ್ಸಾಂಡರ್ ರೀಡ್, ಅವರ ಕೈಕೆಳಗೆ ಥಾಮಸ್ ಮನ್ರೋ, ಹೊಲಗಳನ್ನು ಅಳೆಸಿ ಕಂದಾಯ ಗೊತ್ತುಮಾಡಿದರು. ರೈತವಾರಿ ಪದ್ಧತಿ ಬೇರೂರಿದ್ದು ಇಲ್ಲಿಯೇ. ಶ್ರದ್ಧೆಯ ಕೆಲಸವೆನ್ನುವುದರಲ್ಲಿ ಸಂಶಯವಿಲ್ಲ. ಆದರೆ ಅವರು ಲೆಕ್ಕ ಒಪ್ಪಿಸುತ್ತಿದ್ದುದು ಕಂಪನಿಗೆ, ರೈತನಿಗಲ್ಲ.

ಮೈಸೂರಿನಲ್ಲೂ ಹೀಗೆಯೇ ಆಯಿತು. ನಗರದ ರೈತದಂಗೆಯನ್ನು ನೆಪಮಾಡಿ 1831ರಲ್ಲಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡಿತು. ಕಮೀಷನರುಗಳ 50 ವರ್ಷದ ಆಳ್ವಿಕೆಯಲ್ಲಿ ರಸ್ತೆ ಬಂತು, 1864ರಲ್ಲಿ ಬೆಂಗಳೂರಿಗೆ ರೈಲೂ ಬಂತು. ಅದೇ ಆಳ್ವಿಕೆಯಲ್ಲಿ 1876–78ರ ಬರಕ್ಕೆ ಸುಮಾರು 10 ಲಕ್ಷ ಜನ ಬಲಿಯಾದರು. ಅದಕ್ಕೆ ಉತ್ತರ ಕೊಡಿ ಎಂದು ಕೇಳಲು ಜನರಿಗೆ ಒಂದು ಸಭೆಯೂ ಇರಲಿಲ್ಲ.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರ ವರದಿ ಕೇಳಿ ಅಹವಾಲು ಹೇಳಿಕೊಳ್ಳಬಹುದಿತ್ತು, ಅಷ್ಟೆ. ಆದರೂ ಲೆಕ್ಕ ಒಪ್ಪಿಸುವ ದಿಕ್ಕು ಬದಲಾಯಿತು. ರಂಗಾಚಾರ್ಲು ಚೆಂಗಲ್ಪಟ್ಟಿನ ಕಡೆಯವರು. ಮೈಸೂರು ಅವರನ್ನು ಪರಕೀಯರೆಂದು ನೆನೆಯುವುದಿಲ್ಲ.

ಹಾಗಾದರೆ ಜಪಾನ್ ಹೇಗೆ ಎದ್ದು ನಿಂತಿತು ಎಂದು ಕೇಳಬಹುದು. ಅಲ್ಲಿ ಸಂಸತ್ತು, ಕಚೇರಿ, ಶಾಲೆಗಳು ಮೊದಲೇ ಇದ್ದವು. ನಡೆಸುವವರೂ ಜಪಾನೀಯರೇ ಆಗಿದ್ದರು. 1945ರಲ್ಲಿ ಬಂದ ಸೈನ್ಯ 1952ರಲ್ಲಿ ಅಧಿಕಾರ ಬಿಟ್ಟುಕೊಟ್ಟಿತು. ನಮ್ಮ ಸೈನ್ಯವೂ 1971ರ ಡಿಸೆಂಬರಿನಲ್ಲಿ ಢಾಕಾ ಗೆದ್ದು, ಮರುವರ್ಷ ಮಾರ್ಚಿನಲ್ಲಿ ಹಿಂದಿರುಗಿತು. ದೇಶ ಕಟ್ಟುವ ಕಷ್ಟವನ್ನೂ ಹಕ್ಕನ್ನೂ ಅಲ್ಲಿಯವರಿಗೇ ಬಿಟ್ಟಿತು.

ವೋಚರು ಬರೆದವನೇ ಅದನ್ನು ಪಾಸು ಮಾಡಬಾರದು ಎಂಬುದು ಬ್ಯಾಂಕಿನಲ್ಲಿ ನಾವು ಕಲಿಯುವ ಮೊದಲ ಪಾಠ. ಬಂದೂಕು ಹಿಡಿದು ಉಪಕಾರಕ್ಕೆ ಬಂದವರು ಬರೆಯುವುದನ್ನೂ ಪಾಸು ಮಾಡುವುದನ್ನೂ ತಾವೇ ಮಾಡುತ್ತಾರೆ. ಆಕ್ರಮಣವನ್ನು ತಡೆಯಲು, ಕೊಲೆ ನಿಲ್ಲಿಸಲು ಸೈನ್ಯ ಬೇಕಾಗಬಹುದು. ದೇಶ ಕಟ್ಟುವುದು ಅದರ ಕೆಲಸವಲ್ಲ.

ತಮಿಳು ಮಣ್ಣಿನಲ್ಲಿ ಕನ್ನಡ ಮಾತಾಡಿಕೊಂಡು ಬದುಕುವ ನಮಗೆ ಇದು ತಿಳಿಯದ ಮಾತೇನಲ್ಲ. ಬೇರೆ ನುಡಿಯಾಡುವ ಮಾತ್ರಕ್ಕೆ ಯಾರೂ ಹೊರಗಿನವರಾಗುವುದಿಲ್ಲ. ನೆರೆಯವರಿಗೆ ಉತ್ತರ ಹೇಳಬೇಕಾಗಿಲ್ಲ ಎಂದು ತಿಳಿದವನೇ ಹೊರಗಿನವನು. ಅಕ್ಕನ ಮಗನಿಗೆ ಇಷ್ಟನ್ನೇ ಹೇಳಿದೆ.